ಪಹಣಿಯಲ್ಲಿ ಹೆಸರಿಲ್ಲ, ಮುಪ್ಪಿಗೆ ದುಡ್ಡು ಎಲ್ಲಿಂದ?

ಪ್ರಶ್ನೆ: ನನಗೆ 44 ವರ್ಷ. ಸಾಗರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟವಿದೆ. ನಮ್ಮ ಯಜಮಾನರು ತಮ್ಮ ದುಡಿಮೆಯಿಂದ ಕೊಂಡಿದ್ದು, ಪಹಣಿ ಅವರ ಹೆಸರಿನಲ್ಲೇ ಇದೆ. ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲಕ್ಕೂ ನಾನಿದ್ದೇನೆ, ಆದರೆ ನನ್ನ ಹೆಸರಿನಲ್ಲಿ ಒಂದು ರೂಪಾಯಿ ಇಲ್ಲ. ಮನೆಯಲ್ಲಿ ಅತ್ತೆ ಇದ್ದಾರೆ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ವರ್ಷಕ್ಕೆ 60 ಸಾವಿರ ಉಳಿಸಬಹುದು. ಎಲ್ಲಿ ಹಾಕಲಿ?

ಉತ್ತರ: ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಸೇರಲು 40 ವರ್ಷದ ಮಿತಿ ಇರುವುದರಿಂದ ಅದು ನಿಮಗೆ ಸಿಗದು. ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಹೆಸರಿನಲ್ಲೇ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆಯಿರಿ. ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲೆ 15 ವರ್ಷ ಎಣಿಸುತ್ತಾರೆ. ಅಂದರೆ ನಿಮಗೆ 60 ಆಗುವ ಹೊತ್ತಿಗೆ ಹಣ ಕೈಗೆ ಬರುತ್ತದೆ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು.

ಕಟ್ಟುವ ದಿನಾಂಕದ ಲೆಕ್ಕ ಬಹಳ ಮಂದಿಗೆ ತಿಳಿಯದು. ಪ್ರತಿ ತಿಂಗಳ 5ನೇ ತಾರೀಖು ಮುಗಿದ ಮೇಲೆ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. ಏಪ್ರಿಲ್ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ, ಮಾರ್ಚ್ ಕೊನೆಗೆ ಕಟ್ಟಿದರೆ ಆ ವರ್ಷಕ್ಕೆ ಏನೂ ಇಲ್ಲ. ಅಡಿಕೆ ಗೊನೆ ಕೊಯ್ಲು ಮುಗಿದು, ರಾಶಿ ಮಂಡಿಗೆ ಹೋಗಿ ದುಡ್ಡು ಬರುವ ಹೊತ್ತಿಗೂ ಇದು ಚೆನ್ನಾಗಿ ಹೊಂದುತ್ತದೆ. ಮಂಡಿಯ ದುಡ್ಡು ಖಾತೆಗೆ ಬಂದ ದಿನವೇ 60 ಸಾವಿರ ನಿಮ್ಮ ಉಳಿತಾಯ ಖಾತೆಗೆ ಹಾಕಿಸಿಕೊಳ್ಳಿ. ಗೊಬ್ಬರ, ಗೊನೆ ಕೊಯ್ಯುವ ಕೊನೆಗೌಡರ ಕೂಲಿ, ಸೊಸೈಟಿ ಸಾಲ ಎಲ್ಲ ಕಳೆದು ಉಳಿದದ್ದನ್ನು ಕಟ್ಟೋಣ ಎಂದರೆ ಏನೂ ಉಳಿಯುವುದಿಲ್ಲ. ಯಾವುದಾದರೂ ವರ್ಷ 500 ರೂಪಾಯಿಯನ್ನೂ ಕಟ್ಟದಿದ್ದರೆ ಖಾತೆ ನಿಂತುಹೋಗುತ್ತದೆ. ಮತ್ತೆ ಚಾಲೂ ಮಾಡಲು ತಪ್ಪಿದ ಪ್ರತಿ ವರ್ಷಕ್ಕೆ 500ರ ಜೊತೆ 50 ರೂಪಾಯಿ ದಂಡ ಕಟ್ಟಬೇಕು. ಕೊಳೆರೋಗ ಬಂದು ಫಸಲು ಕೈಕೊಟ್ಟ ವರ್ಷವೂ ಆ 500 ಬಿಡಬೇಡಿ.

ಶೇ 7.1ರ ದರದಲ್ಲಿ ವರ್ಷಕ್ಕೆ 60 ಸಾವಿರದಂತೆ 15 ಕಂತಿಗೆ ಸುಮಾರು 16 ಲಕ್ಷ 27 ಸಾವಿರ ಆಗುತ್ತದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಇದು ಅಂದಾಜು. ಏಳನೇ ಆರ್ಥಿಕ ವರ್ಷದಿಂದ ಸ್ವಲ್ಪ ಹಣ ತೆಗೆಯಲು ಅವಕಾಶವಿದೆ. ಮಗನ ಸೈಟಿಗೆ, ಮಗಳ ಮದುವೆಗೆ ಅಂತ ಕೇಳುತ್ತಾರೆ. ತೆಗೆಯಬೇಡಿ, ಅದು ನಿಮ್ಮ ಮುಪ್ಪಿನ ಅನ್ನ.

ಈ ಹಣ ಮಾತ್ರ ಸಾಲದು ಎಂಬುದನ್ನೂ ನೇರವಾಗಿ ಹೇಳಬೇಕು. ಇಂದು ತಿಂಗಳಿಗೆ 15 ಸಾವಿರ ಖರ್ಚಿನ ಮನೆಗೆ, ಬೆಲೆ ವರ್ಷಕ್ಕೆ ಶೇ 6 ಏರಿದರೆ, 16 ವರ್ಷದ ನಂತರ 38 ಸಾವಿರ ಬೇಕು. ಹಾಗಾಗಿ ತೋಟದ ಆದಾಯದಲ್ಲೂ ನಿಮ್ಮ ಹಕ್ಕು ಗಟ್ಟಿಯಾಗಬೇಕು. ನಿಮ್ಮ ಯಜಮಾನರು ವಿಲ್ ಬರೆಯದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಯಾರ್ಜಿತ ತೋಟ ನಿಮಗೆ, ಇಬ್ಬರು ಮಕ್ಕಳಿಗೆ, ಅತ್ತೆಗೆ ಸಮನಾಗಿ ಹಂಚಿಹೋಗುತ್ತದೆ. 80 ಗುಂಟೆಯಲ್ಲಿ ನಿಮಗೆ ಬರುವುದು 20. ವಿಲ್‌ಗೆ ಸ್ಟಾಂಪ್ ಪೇಪರ್ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಎದುರು ಸಹಿ ಆಗಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ಮುಂದೆ ತಕರಾರು ಕಡಿಮೆ. ಗಂಡ ಆರೋಗ್ಯವಾಗಿರುವಾಗ ವಿಲ್ ಮಾತೆತ್ತುವುದು ಅಪಶಕುನ ಎಂದು ಸುಮ್ಮನಾಗಬೇಡಿ. ಪಿತ್ರಾರ್ಜಿತ ತೋಟವಾದರೆ ಲೆಕ್ಕ ಬೇರೆ, ಅದಕ್ಕೆ ವಕೀಲರನ್ನು ಕಾಣಬೇಕು.

ಪ್ರಶ್ನೆ: ತೀರ್ಥಹಳ್ಳಿಯವಳು, ವಯಸ್ಸು 61. ಕಳೆದ ವರ್ಷ ಮನೆಯವರು ತೀರಿಕೊಂಡರು. ಅವರಿಟ್ಟಿದ್ದ 22 ಲಕ್ಷ ನಾಮಿನಿಯಾದ ನನಗೆ ಬಂದಿದೆ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚೆಂದು ಅಷ್ಟನ್ನೂ ಪರಿಚಯದ ಒಂದು ಸೌಹಾರ್ದ ಸಹಕಾರಿಯಲ್ಲೇ ಇಟ್ಟಿದ್ದೇನೆ. ಸರಿಯೇ? ಮಗ ಪಾಲು ಕೇಳಬಹುದೇ?

ಉತ್ತರ: ಸರಿಯಲ್ಲ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪಟ್ಟಣ ಸಹಕಾರ ಬ್ಯಾಂಕ್, ಡಿಸಿಸಿ ಬ್ಯಾಂಕುಗಳಿಗೂ ಇದು ಅನ್ವಯ. ಸೌಹಾರ್ದ ಪತ್ತಿನ ಸಹಕಾರಿಗೆ, ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ಈ ವಿಮೆ ಇಲ್ಲ. ನಿರ್ದೇಶಕರು ಊರಿನವರೇ, ಸಜ್ಜನರೇ ಇರಬಹುದು. ಆದರೆ ಕೊಟ್ಟ ಸಾಲ ವಾಪಸು ಬರದಿದ್ದಾಗ ಅವರ ಸಜ್ಜನಿಕೆಯಿಂದ ನಿಮ್ಮ ಠೇವಣಿ ಮರಳುವುದಿಲ್ಲ.

ಒಮ್ಮೆಲೇ ಮುರಿಯಬೇಡಿ, ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಕತ್ತರಿಸುತ್ತಾರೆ. ಎರಡು ಮೂರು ತಿಂಗಳಲ್ಲಿ ಅವಧಿ ಮುಗಿಯುವ ಠೇವಣಿ ಬಾಂಡು ಕಾಯಲಿ, ವರ್ಷಗಟ್ಟಲೆ ಬಾಕಿ ಇರುವುದನ್ನು ನಷ್ಟವಾದರೂ ಬಿಡಿಸಿ. 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. ಶೇ 8.2ರಂತೆ ಮೂರು ತಿಂಗಳಿಗೆ 30,750 ರೂಪಾಯಿ ಬರುತ್ತದೆ, ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗದು. ತೆಗೆಯದೆ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಬೆಳೆಯುವುದಿಲ್ಲ, ಆದ್ದರಿಂದ ತೆರೆಯುವಾಗಲೇ ಉಳಿತಾಯ ಖಾತೆಗೆ ಜೋಡಿಸಿ. ವರ್ಷದೊಳಗೆ ಮುಚ್ಚಿದರೆ ಬಡ್ಡಿ ಇಲ್ಲ, ಕೊಟ್ಟಿದ್ದರೆ ಅಸಲಿನಿಂದ ಹಿಡಿಯುತ್ತಾರೆ. ಎರಡು ವರ್ಷದೊಳಗಾದರೆ ಅಸಲಿನ ಶೇ 1.5, ಆಮೇಲಾದರೆ ಶೇ 1 ಕಡಿತ. ಇನ್ನು 5 ಲಕ್ಷ ಅಂಚೆಯ ಮಾಸಿಕ ಆದಾಯ ಯೋಜನೆಗೆ: ಶೇ 7.4ರಲ್ಲಿ ತಿಂಗಳಿಗೆ 3,083. ಎರಡೂ ಸೇರಿ ತಿಂಗಳಿಗೆ ಸುಮಾರು 13,300. ಉಳಿದ 2 ಲಕ್ಷ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಯಲ್ಲಿರಲಿ. ಮಳೆಗಾಲದ ರಾತ್ರಿ ಶಿವಮೊಗ್ಗದ ಆಸ್ಪತ್ರೆಗೆ ಹೊರಡಬೇಕಾಗಿ ಬಂದರೆ ಅಗತ್ಯಕ್ಕೆ ಒದಗುವ ಹಣ ಅದು.

ಮಗನ ಮಾತಿಗೆ ಬಂದರೆ, ಠೇವಣಿಯ ನಾಮಿನಿ ಎಂದರೆ ಹಣ ಪಡೆಯುವವರು, ಮಾಲೀಕರಲ್ಲ. ವಿಲ್ ಇಲ್ಲದಿದ್ದರೆ ಅವನಿಗೂ ಪಾಲಿದೆ, ಮಗಳಿಗೂ ಅಷ್ಟೇ ಪಾಲು. ಮಕ್ಕಳು ನಿಮಗೇ ಬಿಡಲು ಒಪ್ಪಿದರೆ ಬಾಯಿಮಾತಿಗೆ ನಿಲ್ಲದೆ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳಿ.

ಪ್ರಶ್ನೆ: ಹೊಸನಗರದಲ್ಲಿ ಟೈಲರಿಂಗ್ ಮಾಡುತ್ತೇನೆ, 30 ವರ್ಷ. ತಿಂಗಳಿಗೆ 9 ಸಾವಿರ ಸಿಗುತ್ತದೆ, ಸಂಘದ ಸಾಲದ ಕಂತೂ ಇದೆ. ನನ್ನಂಥವರಿಗೆ ಪಿಂಚಣಿ ಉಂಟೇ?

ಉತ್ತರ: ಉಂಟು. ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ ಅಟಲ್ ಪಿಂಚಣಿಗೆ ಸೇರಿ. 30ಕ್ಕೆ ಸೇರಿದವರು ತಿಂಗಳಿಗೆ 577 ರೂಪಾಯಿ ಕಟ್ಟಿದರೆ 60ರಿಂದ ತಿಂಗಳಿಗೆ 5 ಸಾವಿರ ಸಿಗುತ್ತದೆ. 35ಕ್ಕೆ ಸೇರಿದರೆ ಅದೇ ಪಿಂಚಣಿಗೆ 902. ಕಂತು ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ, ಹಣ ಇಲ್ಲದಿದ್ದರೆ ದಂಡ ಬೀಳುತ್ತದೆ. ಜೊತೆಗೆ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತ ವಿಮೆ ಮಾಡಿಸಿ. ಇವುಗಳ ವರ್ಷ ಜೂನ್ 1ಕ್ಕೆ ಶುರು, ಮೇ ತಿಂಗಳಲ್ಲಿ ಖಾತೆ ಖಾಲಿ ಬಿಟ್ಟರೆ ವಿಮೆ ನಿಂತುಹೋಗುತ್ತದೆ.

ಇದಕ್ಕಿಂತ ಹೆಚ್ಚಿನ ಉಳಿತಾಯ ಈಗಲೇ ಬೇಡ. ಸಂಘದ ಸಾಲಕ್ಕೆ ನೀವು ಕೊಡುವ ಬಡ್ಡಿ ಯಾವ ಠೇವಣಿಯೂ ನಿಮಗೆ ಕೊಡದಷ್ಟು ಜಾಸ್ತಿ. ಅದನ್ನು ತೀರಿಸಿ, ಮರುವಾರವೇ ಹೊಸ ಸಾಲಕ್ಕೆ ಸಹಿ ಹಾಕದೆ, ಅದೇ ಕಂತಿನ ಹಣವನ್ನು ತಿಂಗಳು ತಿಂಗಳು ಕಟ್ಟುವ ಅಂಚೆಯ ಆರ್‌ಡಿ ಠೇವಣಿಗೆ ತಿರುಗಿಸಿ.