ಪ್ರೊಸೆಸರ್ ಡಯಾಗ್ರಾಂ ಬಾಯಿಪಾಠ ಮಾಡುವ ಹುಡುಗರಿಗೆ ಹೇಗೆ ಕಲಿಸಲಿ?

ಬೀದರಿನ ಕಾಲೇಜಿಗೆ ಹೊಸದಾಗಿ ಸೇರಿದ್ದೀರಿ. ಹುಡುಗರು ಪ್ರೊಸೆಸರ್ ಡಯಾಗ್ರಾಂ ಚೆಂದ ಬಿಡಿಸುತ್ತಾರೆ, ಆದರೆ ಒಂದು ಇನ್‌ಸ್ಟ್ರಕ್ಷನ್ ಒಳಗೆ ಹೇಗೆ ನಡೆಯುತ್ತದೆ ಅಂದರೆ ಸುಮ್ನೆ ಕೂರುತ್ತಾರೆ ಎಂದು ಬರೆದಿದ್ದೀರಿ. ಕಲಬುರಗಿಯಲ್ಲಿ ನಾನು ಪಾಠ ಮಾಡುವುದೂ ಇದೇ ವಿಷಯ. ಇಲ್ಲೂ ಅದೇ ಕತೆ.

ನನಗೆ ಕಾಣುವ ತೊಡಕು ಒಂದೇ. ಅವರು ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತು ಬಂದಿರುತ್ತಾರೆ. ಅಲ್ಲಿ ಒಂದು ಸಾಲು ಮುಗಿದ ಮೇಲೆ ಇನ್ನೊಂದು. ಹಾರ್ಡ್‌ವೇರ್‌ನಲ್ಲಿ ಎಲ್ಲ ಗೇಟ್‌ಗಳೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ಕೂಡು ಅಂದಾಗ ಆಡರ್ (ಕೂಡುವ ಸರ್ಕ್ಯೂಟ್) ಮಾತ್ರ ಎಚ್ಚರಾಗುತ್ತದೆ ಎಂದೇ ಹುಡುಗರ ನಂಬಿಕೆ. ಆದರೆ ಸರಳವಾದ ಎಎಲ್‌ಯುನಲ್ಲಿ (ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಭಾಗ) ಆಂಡ್, ಆರ್, ಆಡರ್ ಮೂರೂ ತಮ್ಮ ತಮ್ಮ ಉತ್ತರ ಕೊಡುತ್ತಲೇ ಇರುತ್ತವೆ. ಯಾವುದು ಹೊರಗೆ ಬರಬೇಕು ಎಂದು ಆರಿಸುವುದು ಮಲ್ಟಿಪ್ಲೆಕ್ಸರ್. ಇದು ತಲೆಗೆ ಹೋದರೆ ಕಂಟ್ರೋಲ್ ಯೂನಿಟ್ (ಹೀಗೆ ಆರಿಸುವ ಸಿಗ್ನಲ್ ಕೊಡುವ ಭಾಗ) ಪಾಠ ಅರ್ಧ ಮುಗಿದ ಹಾಗೆ.

ಹೀಗೆ ಮಾಡಿ ನೋಡಿ. ಎರಡು ರಿಜಿಸ್ಟರ್‌ಗಳ (ಪ್ರೊಸೆಸರ್ ಒಳಗೆ ಸಂಖ್ಯೆ ಇಟ್ಟುಕೊಳ್ಳುವ ಜಾಗ) ಬೆಲೆ ಅದಲುಬದಲು ಮಾಡಿ ಅನ್ನಿ. ಸಿ ರೂಢಿಯವರು ತಾತ್ಕಾಲಿಕವಾಗಿ ಇಡಲು ಮೂರನೆಯದೊಂದು ಟೆಂಪ್ ಕೇಳುತ್ತಾರೆ. ಆಗ ಇದರ ಔಟ್‌ಪುಟ್ ಅದರ ಇನ್‌ಪುಟ್‌ಗೆ, ಅದರದು ಇದಕ್ಕೆ ಜೋಡಿಸಿ, ಕ್ಲಾಕ್ ಒಮ್ಮೆ ಒತ್ತಿ. ಎಡ್ಜ್ ಟ್ರಿಗರ್ಡ್ ಫ್ಲಿಪ್‌ಫ್ಲಾಪ್ (ಕ್ಲಾಕ್ ಬದಲಾಗುವ ಕ್ಷಣದಲ್ಲಿ ಮಾತ್ರ ಹೊಸ ಬೆಲೆ ಹಿಡಿಯುವಂಥದ್ದು) ಆದರೆ ಎರಡೂ ಒಂದೇ ಏಟಿಗೆ ಬದಲಾಗುತ್ತವೆ. ಇದಕ್ಕೆ ಸರ್ಕ್ಯೂಟ್ ಬಿಡಿಸಿ ಓಡಿಸುವ ಲಾಜಿಸಿಮ್ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಿಲ್ಲ.

ಆಮೇಲೆ ಕಳೆಯುವ ಲೆಕ್ಕ. ಕಳೆಯುವುದಕ್ಕೆ ಬೇರೆ ಸರ್ಕ್ಯೂಟ್ ಬೇಡ. ಆಡರ್‌ನ ಒಂದು ಬದಿಗೆ ಎಕ್ಸಾರ್ ಗೇಟ್ ಹಾಕಿ, ಕೂಡಬೇಕೋ (0) ಕಳೆಯಬೇಕೋ (1) ಎಂದು ಹೇಳುವ ಮೋಡ್ ವೈರ್ ಅದಕ್ಕೆ ಕೊಡಿ, ಅದನ್ನೇ ಕ್ಯಾರಿ ಇನ್‌ಗೂ ಎಳೆಯಿರಿ. ಮೋಡ್ 1 ಇದ್ದರೆ ಎಕ್ಸಾರ್ ಬಿಟ್‌ಗಳನ್ನು ತಿರುಗಿಸುತ್ತದೆ. 6ರಲ್ಲಿ (0110) 2 ಕಳೆಯಬೇಕಾದರೆ 2ರ 0010 ತಿರುಗಿ 1101 ಆಗುತ್ತದೆ. 0110ಕ್ಕೆ ಅದನ್ನೂ ಕ್ಯಾರಿಯ 1 ಅನ್ನೂ ಕೂಡಿದರೆ 0100, ಅಂದರೆ 4, ಜೊತೆಗೊಂದು ಕ್ಯಾರಿ ಔಟ್. ಇದನ್ನು ಬ್ರೆಡ್‌ಬೋರ್ಡ್ ಮೇಲೂ ಮಾಡಿಸಿ. ಆಡರ್ ಇರುವ 7483 ಐಸಿಗೆ ಪವರ್ 5ನೇ ಪಿನ್, ಗ್ರೌಂಡ್ 12ನೇ ಪಿನ್. ಮೂಲೆಯ ಪಿನ್‌ಗಳಲ್ಲೇ ಪವರ್, ಗ್ರೌಂಡ್ ಇರುವ 7408ರ (ಆಂಡ್ ಗೇಟ್ ಐಸಿ) ರೂಢಿಯಲ್ಲಿ ಮೂಲೆಗೆ ವೈರ್ ಚುಚ್ಚುವವರು ಇದ್ದೇ ಇರುತ್ತಾರೆ, ಡೇಟಾಶೀಟ್ ಮೊದಲು ಓದಿಸಿ.

ಕನ್ನಡ ಮೀಡಿಯಂ ಹುಡುಗರಿದ್ದರೆ ಕನ್ನಡದಲ್ಲೇ ಹೇಳಿ, ಪರೀಕ್ಷೆಯಲ್ಲಿ ಬರೆಯುವ ಪದ ಮಾತ್ರ ಇಂಗ್ಲಿಷ್ ಇರಲಿ.

ಇಂಟರ್ನಲ್ ಟೆಸ್ಟ್‌ನಲ್ಲಿ ಡಯಾಗ್ರಾಂ ಬರೆಯಿರಿ ಎಂದು ಕೇಳಬೇಡಿ. ಡಯಾಗ್ರಾಂ ನೀವೇ ಕೊಡಿ. ರಿಜಿಸ್ಟರ್ ರೈಟ್ ಸಿಗ್ನಲ್ (ರಿಜಿಸ್ಟರ್‌ಗೆ ಬರೆಯಲು ಬಿಡುವ ಸಿಗ್ನಲ್) ಯಾವಾಗಲೂ 0 ಆಗಿಯೇ ಉಳಿದರೆ ಯಾವ ಇನ್‌ಸ್ಟ್ರಕ್ಷನ್ ಕೆಡುತ್ತದೆ ಎಂದು ಕೇಳಿ. ಆಡ್, ಲೋಡ್ ಕೆಡುತ್ತವೆ, ಅವುಗಳ ಫಲ ರಿಜಿಸ್ಟರ್‌ಗೇ ಹೋಗಬೇಕು. ಸ್ಟೋರ್, ಬ್ರಾಂಚ್‌ಗೆ ಏನೂ ಆಗುವುದಿಲ್ಲ, ಅವು ರಿಜಿಸ್ಟರ್‌ಗೆ ಬರೆಯುವುದೇ ಇಲ್ಲವಲ್ಲ. ಇಂಥ ಪ್ರಶ್ನೆಗೆ ಗೈಡ್ ನೋಡಿ ಬಾಯಿಪಾಠ ಮಾಡಲು ಆಗಲ್ಲ.