ಚರಟ ಹಸುವಿಗೆ ಹೋಯಿತು, ಮಡ್ಡಿ ಎಲ್ಲಿಗೆ ಹೋಯಿತು?

ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕೂತಲ್ಲೇ ಎರಡು ಸಾಲು ಗೀಚಿ ಮುಗಿಸುವಂಥ ಪತ್ರ ಅದಾಗಿರಲಿಲ್ಲ.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಕ್ರಾಫ್ಟ್ ಬ್ರೂವರಿಯ, ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಜಾಗದ, ಬಗ್ಗೆ ಬರೆದಿದ್ದೆವು. ಸಿಹಿ ರಸ ಸೋಸಿಕೊಂಡ ಮೇಲೆ ಉಳಿಯುವ ಬಾರ್ಲಿ ಚರಟವನ್ನು ಅವರು ದನಗಳ ಮೇವಿಗೆ ಕೊಡುತ್ತಾರೆ. ಅದನ್ನೇ ಹಿಡಿದುಕೊಂಡು ‘ತ್ಯಾಜ್ಯವೇ ಇಲ್ಲದ ಬ್ರೂವರಿ’ ಎಂದು ತಲೆಬರಹ ಹಾಕಿದ್ದೆವು. ನೀವು ಇಂಥದ್ದೇ ಇನ್ನೊಂದು ಬ್ರೂವರಿಯಲ್ಲಿ ಟ್ಯಾಂಕ್ ತೊಳೆಯುವ ಕೆಲಸ ಮಾಡುವವರು. ಹೆಸರು ಬೇಡ ಎಂದಿದ್ದೀರಿ, ಹಾಕುವುದಿಲ್ಲ. “ಚರಟ ಹಸುವಿಗೆ ಹೋಗುತ್ತದೆ, ನಿಜ. ಟ್ಯಾಂಕಿನ ತಳದ ಮಡ್ಡಿ ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮವರು ಕೇಳಿದರಾ? ನಾನೇ ಮೋರಿಗೆ ಬಿಡುವವನು” ಎಂದು ಬರೆದಿದ್ದೀರಿ. ಜೊತೆಗೆ ಎರಡು ಪ್ರಶ್ನೆ. ನಿಮ್ಮ ಮಾಲೀಕರು ಕಾರ್ಬನ್ ಡೈಆಕ್ಸೈಡ್ ಹಿಡಿದಿಡುವ ಯಂತ್ರ ತರುವ ಯೋಚನೆಯಲ್ಲಿದ್ದಾರೆ, ಅದು ಸರಿಯಾ? ಕೈಯಲ್ಲಿ ಜಾಸ್ತಿ ದುಡ್ಡಿಲ್ಲದ ಬ್ರೂವರಿ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಮೊದಲು ನಮ್ಮ ತಪ್ಪು. ಲೇಖನ ಬರೆದವರು ಮಡ್ಡಿಯ ಬಗ್ಗೆ ಕೇಳಲಿಲ್ಲ. ತಲೆಬರಹ ಕೊಟ್ಟವನು ನಾನು, ನಾನೂ ಕೇಳಲಿಲ್ಲ. ಚರಟ ತಿನ್ನುವ ಹಸುವಿನ ಫೋಟೋ ಚೆನ್ನಾಗಿ ಬರುತ್ತದೆ. ಮೋರಿಯ ಫೋಟೋ ಯಾರು ಹಾಕುತ್ತಾರೆ ಹೇಳಿ!

ಅದಕ್ಕೇ ನಿಮ್ಮ ಪತ್ರ ಓದಿದ ಮೇಲೆ ಪರಿಚಯದ ಒಂದು ಬ್ರೂವರಿಗೆ ಹೋಗಿ ಒಂದು ದಿನ ಪೂರ್ತಿ ನಿಂತೆ. ಬಿಯರ್ ಬೇರೆ ಟ್ಯಾಂಕಿಗೆ ಹೋಗಿಯಾಗಿತ್ತು. ತೊಳೆಯುವ ಹುಡುಗ ತಳದ ವಾಲ್ವ್ ತಿರುಗಿಸಿದ. ಮೊದಲು ಏನೂ ಬರಲಿಲ್ಲ. ಆಮೇಲೆ ಗೋಡೆಗೆ ಬಳಿಯುವ ಬಣ್ಣದ ಹದದಲ್ಲಿ, ಮಾಸಲು ಕಂದು ಯೀಸ್ಟ್ (ರಸಕ್ಕೆ ಹುದುಗು ಬರಿಸುವ ಸೂಕ್ಷ್ಮಜೀವಿ) ‘ಬುಳಕ್’ ಎಂದು ನೆಲಕ್ಕೆ ಬಿತ್ತು. ನೊರೆಯಾಡುತ್ತಲೇ ಇತ್ತು. ಇದ್ದದ್ದು ಎರಡೇ ಬಕೆಟ್. ಅದನ್ನು ಮೋರಿಯ ತನಕ ತಳ್ಳಲು ಹುಡುಗ ಹೋಸ್ ಹಿಡಿದು ನಿಂತ. ಮಧ್ಯೆ ಯಾರೋ ಕರೆದರು ಅಂತ ಹೋಸ್ ಅಲ್ಲೇ ಬಿಟ್ಟು ಹೋದ. ವಾಪಸ್ ಬರುವಷ್ಟರಲ್ಲಿ ನೆಲವೆಲ್ಲ ಕೆರೆ. ಎರಡು ಬಕೆಟ್ ಮಡ್ಡಿಗೆ ಇಪ್ಪತ್ತು ಬಕೆಟ್ ನೀರಾದರೂ ಹೋಗಿರಬೇಕು. ನೀವು ಹೋಸ್ ಬಿಟ್ಟು ಹೋಗುವವರಲ್ಲ ಎಂದು ನಂಬಿದ್ದೇನೆ.

ಈ ಮಡ್ಡಿಯಲ್ಲಿ ವಿಷವೇನೂ ಇಲ್ಲ. ತೊಂದರೆ ಇರುವುದು ಅದು ವಿಪರೀತ ಪೌಷ್ಟಿಕ ಅನ್ನುವುದರಲ್ಲೇ. ನೀರಿಗೆ ಬಿದ್ದ ಕೂಡಲೇ ಸೂಕ್ಷ್ಮಜೀವಿಗಳು ಮುತ್ತಿಕೊಂಡು ತಿನ್ನುತ್ತವೆ, ತಿನ್ನುತ್ತಾ ನೀರಿನಲ್ಲಿರುವ ಆಮ್ಲಜನಕ ಖಾಲಿ ಮಾಡುತ್ತವೆ. ಮೀನಿಗೆ ಉಸಿರಿಲ್ಲ. ಹೀಗೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂದು ಅಳೆಯುವ ಲೆಕ್ಕಕ್ಕೆ ಬಿಒಡಿ ಎನ್ನುತ್ತಾರೆ. ಸಾಮಾನ್ಯ ಮನೆ ಕೊಳಚೆಯ ಬಿಒಡಿ ಲೀಟರಿಗೆ 200–300 ಮಿಲಿಗ್ರಾಂ. ಬಿಯರ್‌ನದ್ದು ಹತ್ತಾರು ಸಾವಿರ ಮಿಲಿಗ್ರಾಂ. ಯೀಸ್ಟ್ ಮಡ್ಡಿಯದ್ದು ಅದಕ್ಕಿಂತ ಜಾಸ್ತಿ. ಅಂದರೆ ಕೆಟ್ಟುಹೋಯಿತು ಅಂತ ಒಂದು ಲೀಟರ್ ಬಿಯರ್ ಮೋರಿಗೆ ಸುರಿದರೂ ನೂರಾರು ಲೀಟರ್ ಮನೆ ಕೊಳಚೆ ಬಿಟ್ಟಷ್ಟು ಹೊರೆ. ನೀರು ಶುದ್ಧ ಮಾಡುವ ಘಟಕ ಸಣ್ಣದಿದ್ದರೆ ಒಂದು ಬ್ರೂವರಿ ಸಾಕು, ಅದರ ಉಸಿರು ಕಟ್ಟಿಸಲು.

ಹಾಗಾದರೆ ಮಡ್ಡಿ ಏನು ಮಾಡುವುದು? ಚೆನ್ನಾಗಿರುವ ಯೀಸ್ಟನ್ನು ಮುಂದಿನ ಬ್ಯಾಚಿಗೆ ಹಾಕಬಹುದು. ಶುಚಿ ಕಾಪಾಡಿಕೊಂಡರೆ ಐದಾರು ಬ್ಯಾಚು ಆರಾಮಾಗಿ ನಡೆಯುತ್ತದೆ. ಆದರೆ ಪ್ರತಿ ಸಲವೂ ಹಾಕಿದ್ದಕ್ಕಿಂತ ಹಲವು ಪಟ್ಟು ಬೆಳೆಯುವುದರಿಂದ ಉಳಿದೇ ಉಳಿಯುತ್ತದೆ. ಅದನ್ನು ಡ್ರಮ್‌ಗೆ ಹಿಡಿದು ದನಕ್ಕೆ ಕೊಡಬಹುದು, ಕಾಯಿಸಿ ಯೀಸ್ಟ್ ಸತ್ತ ಮೇಲೆ ಮಾತ್ರ. ಜೀವಂತ ಯೀಸ್ಟ್ ಹೊಟ್ಟೆಗೆ ಹೋದರೆ ಅಲ್ಲೂ ತನ್ನ ಕೆಲಸ ಶುರು ಮಾಡುತ್ತದೆ, ದನಕ್ಕೆ ಹೊಟ್ಟೆಯುಬ್ಬರ. ಕುದಿಸುವ ಪಾತ್ರೆಯಲ್ಲಿ ಉಳಿಯುವ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಗಸಿ ಗೊಬ್ಬರದ ಗುಂಡಿಗೆ ಒಳ್ಳೆಯದು. ಆದರೆ ಗುಂಡಿಗೆ ಬೇಲಿ ಇರಲಿ. ಹಾಪ್ಸ್ ನಾಯಿಗಳಿಗೆ ವಿಷ, ತಿಂದರೆ ಮೈ ಬಿಸಿ ಏರಿ ಸಾಯಲೂಬಹುದು. ಬ್ರೂವರಿಯಲ್ಲಿ ನಾಯಿ ಸಾಕಿರುವವರಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ.

ಇನ್ನು ನಾವು ಹೊಗಳಿದ ಚರಟ. ನೂರು ಲೀಟರ್ ಬಿಯರ್‌ಗೆ ಸುಮಾರು 20 ಕೆಜಿ ಹಸಿ ಚರಟ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಸೆಖೆ ಇದ್ದರೆ ಎರಡು ದಿನದಲ್ಲಿ ಹುಳಿಯೇರಿ ಬೂಸ್ಟು ಹಿಡಿಯುತ್ತದೆ. ಮೇವು ಒಯ್ಯುವವರು ಒಂದು ದಿನ ಬರಲಿಲ್ಲ ಅಂದರೆ ಮೇವು ಹೋಗಿ ಕಸ ಆಯಿತು. ದೂರದಿಂದ ಬರುತ್ತಾರೆ ಅಂದರೆ ಲಾರಿಯಲ್ಲಿ ನೀರು ಹೊತ್ತ ಹಾಗೆ. ಅಲಾಸ್ಕಾದ ಜೂನೋ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ಏನಿದ್ದರೂ ಹಡಗು ಇಲ್ಲವೇ ವಿಮಾನ. ಅಲ್ಲಿನ ಅಲಾಸ್ಕನ್ ಬ್ರೂಯಿಂಗ್ ಕಂಪನಿಯವರು ಚರಟ ಒಣಗಿಸಿ, ಅದನ್ನೇ ಉರಿಸಿ ಹಬೆ ಮಾಡುವ ಬಾಯ್ಲರ್ ಹಾಕಿಕೊಂಡರು. ಕೇಳಲು ಚೆಂದ. ಆದರೆ ಅವರದು ಬೇರೆ ದಾರಿ ಇಲ್ಲದ ಊರು, ಸಾಕಷ್ಟು ದೊಡ್ಡ ಬ್ರೂವರಿ. ನೀವಿರುವ ಕಡೆ ಪಕ್ಕದಲ್ಲೇ ದನ ಇದ್ದರೆ ಒಣಗಿಸುವ ಗೋಜು ಬೇಡ.

ನೀರಿಗೆ ಬರೋಣ. ‘ಸಣ್ಣದು, ಆದ್ದರಿಂದ ಪರಿಸರಕ್ಕೆ ಹಗುರ’ ಎಂಬ ಧಾಟಿ ನಮ್ಮ ಲೇಖನದಲ್ಲಿ ಇತ್ತು. ಲೆಕ್ಕ ಉಲ್ಟಾ. ಚೆನ್ನಾಗಿ ನಡೆಯುವ ದೊಡ್ಡ ಕಾರ್ಖಾನೆ ಒಂದು ಲೀಟರ್ ಬಿಯರ್‌ಗೆ ಮೂರು ಲೀಟರ್ ಆಸುಪಾಸಿನಲ್ಲಿ ಮುಗಿಸುತ್ತದೆ. ಸಣ್ಣ ಕಡೆ ಆರು, ಏಳು ಮಾಮೂಲಿ, ಹತ್ತಕ್ಕೂ ಹೋಗುತ್ತದೆ. ಐನೂರು ಲೀಟರ್ ಟ್ಯಾಂಕ್ ತೊಳೆಯಲು ಐದು ಸಾವಿರ ಲೀಟರ್ ಟ್ಯಾಂಕಿನ ಹತ್ತನೇ ಒಂದು ಪಾಲು ನೀರು ಸಾಕಾಗುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜೊತೆಗೆ ವಾರಕ್ಕೊಂದು ಹೊಸ ರುಚಿ. ಪ್ರತಿ ಸಲವೂ ಪೈಪು, ಪಂಪು ಎಲ್ಲ ಮೊದಲಿಂದ ತೊಳೆಯಬೇಕು. ಇಲ್ಲಿ ಉಳಿತಾಯವೆಲ್ಲ ನಿಮ್ಮ ಕೈಯಲ್ಲೇ ಇದೆ, ಮಾಲೀಕರ ಕೈಯಲ್ಲಲ್ಲ. ಹೋಸಿನ ತುದಿಗೆ ಒತ್ತಿದರೆ ಮಾತ್ರ ನೀರು ಬಿಡುವ ಗನ್ ಹಾಕಿಸಿಕೊಳ್ಳಿ. ಬಿದ್ದ ಚರಟವನ್ನು ಮೊದಲು ಸಲಿಕೆಯಲ್ಲಿ ಎತ್ತಿ, ಆಮೇಲೆ ನೀರು. ಕಾಸ್ಟಿಕ್ ಸೋಡಾ ಹಾಕಿ ತೊಳೆದ ಮೇಲೆ ಕೊನೆಯ ಸಲ ಜಾಲಿಸಿದ ನೀರು ಹೆಚ್ಚುಕಮ್ಮಿ ಶುದ್ಧವೇ ಇರುತ್ತದೆ, ಅದನ್ನು ಹಿಡಿದಿಟ್ಟುಕೊಂಡು ಮುಂದಿನ ಟ್ಯಾಂಕಿನ ಮೊದಲ ಜಾಲಿಸುವಿಕೆಗೆ ಬಳಸಿ. ತೊಳೆಯುವ ಜಾಗಕ್ಕೆ ಪ್ರತ್ಯೇಕ ನೀರಿನ ಮೀಟರ್ ಹಾಕಲು ಹೇಳಿ. ಮೀಟರ್ ಇಲ್ಲದ ಕಡೆ ಉಳಿತಾಯದ ಮಾತೆಲ್ಲ ಸುಮ್ನೆ.

ನನಗೆ ನಿಜಕ್ಕೂ ಆಶ್ಚರ್ಯ ತಂದದ್ದು ಕುದಿಸುವ ಪಾತ್ರೆ. ರಸ ಕುದಿಯುವಾಗ ಮೇಲೆ ಹಬೆ ಭುಸುಗುಡುತ್ತಿದ್ದರೆ ನೋಡಲು ಭಾರಿ ಕೆಲಸ ನಡೆದಂತೆ ಕಾಣುತ್ತದೆ. ಒಂದು ಸಾವಿರ ಲೀಟರ್ ರಸವನ್ನು 75 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 29 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖ ಸಾಕು. ಕುದಿ ಬಂದ ಮೇಲೆ ಅದರಲ್ಲಿ ಹತ್ತು ಪರ್ಸೆಂಟ್ ಆವಿಯಾದರೆ ಅದಕ್ಕೇ ಸುಮಾರು 63 ಯೂನಿಟ್! ನೀರು ಬಿಸಿಯಾಗಲು ಬೇಕಾದ್ದಕ್ಕಿಂತ ಆವಿಯಾಗಲು ಬೇಕಾದ ಶಾಖ ಅಷ್ಟು ಜಾಸ್ತಿ. ಬೇಡದ ವಾಸನೆ ಹೊರಗೆ ಹೋಗಬೇಕು, ಆದ್ದರಿಂದ ಮುಚ್ಚಳ ಬಿಗಿದು ಕುದಿಸಲಾಗದು. ಆದರೆ ಕೊತಕೊತ ಅನ್ನಿಸಲೇಬೇಕೆಂದಿಲ್ಲ. ಒಂದೇ ಸಮ ಮಗುಚುವಷ್ಟು ಉರಿ ಇಟ್ಟು, ಆವಿಯನ್ನು ಐದು ಪರ್ಸೆಂಟಿಗೆ ಇಳಿಸಿದರೆ ಒಂದು ಕುದಿಗೆ ಮೂವತ್ತು ಯೂನಿಟ್ ಉಳಿಯಿತು. ರುಚಿ ಕೆಡುತ್ತದಾ ಎಂದು ಒಂದೆರಡು ಬ್ಯಾಚು ನೋಡಿಕೊಂಡು ಮಾಡಬೇಕಾದ ಕೆಲಸ, ಅಷ್ಟೆ. ಕುದಿದ ರಸವನ್ನು ತಣಿಸುವಾಗ ಪ್ಲೇಟ್ ಕೂಲರಿನ (ತಗಡಿನ ಒಂದು ಬದಿ ಬಿಸಿ ರಸ, ಇನ್ನೊಂದು ಬದಿ ತಣ್ಣೀರು ಹರಿಯುವ ಸಾಧನ) ಇನ್ನೊಂದು ಬದಿಯಿಂದ 70–80 ಡಿಗ್ರಿಯ ಬಿಸಿನೀರು ಬರುತ್ತದಲ್ಲ, ಅದು ನಾಳೆಯ ಬ್ಯಾಚಿಗೆ ಹದವಾದ ನೀರು. ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಡದೆ ಮೋರಿಗೆ ಬಿಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಮಾಲೀಕರ ಯಂತ್ರ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೆಚ್ಚುಕಮ್ಮಿ ಸಮ ತೂಕದಲ್ಲಿ ಕೊಡುತ್ತದೆ. ಐದು ಪರ್ಸೆಂಟಿನ ಬಿಯರ್ ಸಾವಿರ ಲೀಟರ್ ಮಾಡಿದರೆ ಸುಮಾರು 38 ಕೆಜಿ ಅನಿಲ. ಬಿಯರ್‌ನಲ್ಲಿ ಗುಳ್ಳೆಗೆಂದು ಉಳಿಯಬೇಕಾದದ್ದು ಐದು ಕೆಜಿ ಆಸುಪಾಸು. ಮೊದಲು ಬಂದದ್ದನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಸಿಲಿಂಡರ್ ತರಿಸಿ ಅದೇ ಅನಿಲ ತುಂಬುತ್ತಾರೆ. ಮಾಲೀಕರಿಗೆ ಸಿಟ್ಟು ಬರುವುದು ಸಹಜ. ಆದರೂ ನನ್ನ ಮಾತು ಕೇಳಿದರೆ, ಯಂತ್ರ ಈಗಲೇ ಬೇಡ. ಹೊರಗೆ ಹೋಗುವ ಆ ಅನಿಲ ಬಾರ್ಲಿ ಬೆಳೆಯುವಾಗ ಗಾಳಿಯಿಂದಲೇ ಹೀರಿಕೊಂಡದ್ದು, ಅದು ಅಲ್ಲಿಗೇ ವಾಪಸ್ ಹೋಗುತ್ತದೆ. ನಿಮಗೆ ಆಗುವ ಲಾಭ ಸಿಲಿಂಡರಿನಲ್ಲಿ ಮಾತ್ರ. ಸಿಲಿಂಡರ್ ಕಡಿಮೆ ಮಾಡಲು ಇನ್ನೊಂದು ದಾರಿ ಇದೆ. ಹುದುಗು ಮುಗಿಯುತ್ತಾ ಬಂದಾಗ, ಸಕ್ಕರೆ ಇನ್ನೂ ಸ್ವಲ್ಪ ಉಳಿದಿರುವಾಗಲೇ, ಟ್ಯಾಂಕ್ ಮುಚ್ಚಿ ಒತ್ತಡ ನೋಡಿಕೊಳ್ಳುವ ವಾಲ್ವ್ ಹಾಕುವುದು. ಬಿಯರ್ ತನ್ನ ಗುಳ್ಳೆಯನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಕಾಲದಿಂದ ನಡೆದುಬಂದ ಪದ್ಧತಿ ಇದು. ಒತ್ತಡ ತಡೆಯುವಂಥ ಟ್ಯಾಂಕೇ ಆಗಿರಬೇಕು, ಇದರಲ್ಲಿ ರಾಜಿ ಇಲ್ಲ. ಹಾಗೆಯೇ ನೆಲಮಾಳಿಗೆಯಲ್ಲಿ ಅನಿಲ ಅಳೆಯುವ ಅಲಾರ್ಮ್ ಇದೆಯಾ ನೋಡಿ. ಗಾಳಿಗಿಂತ ಭಾರ ಅದು, ತಗ್ಗಿನಲ್ಲಿ ತುಂಬಿ ನಿಲ್ಲುತ್ತದೆ. ಟ್ಯಾಂಕಿನೊಳಗೆ ತಲೆ ಹಾಕುವವರು ನೀವು. ನಾನು ಮಾಲೀಕನಾಗಿದ್ದರೆ ಯಂತ್ರಕ್ಕಿಂತ ಮುಂಚೆ ಆ ಅಲಾರ್ಮ್ ತರುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ ಗೋಡೆಯ ಆಚೆ ಒಂದು ಲೆಕ್ಕ ಉಳಿಯುತ್ತದೆ. ಅಮೆರಿಕದ ನ್ಯೂ ಬೆಲ್ಜಿಯಂ ಬ್ರೂವರಿ 2008ರಲ್ಲಿ ತನ್ನ ಆರು ಬಾಟಲಿಯ ಒಂದು ಪ್ಯಾಕಿನ ಇಂಗಾಲದ ಲೆಕ್ಕ ಹಾಕಿಸಿತು. ಹೊಲದಿಂದ ಹಿಡಿದು ಕುಡಿದು ಬಿಸಾಡುವವರೆಗೆ ಸುಮಾರು 3.2 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಅದರಲ್ಲಿ ದೊಡ್ಡ ಪಾಲು ಮಾರುವ ಜಾಗದಲ್ಲಿ ಫ್ರಿಜ್ ಓಡಿಸಲು, ಗಾಜಿನ ಬಾಟಲಿ ಮಾಡಲು, ಬಾರ್ಲಿ ಬೆಳೆದು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಮಾಡಲು ಹೋಗಿತ್ತು. ಬ್ರೂವರಿಯೊಳಗೆ ಆದದ್ದು ಸಣ್ಣ ತುಂಡು. ಹಾಗಂತ ಒಳಗಿನ ಕೆಲಸ ದಂಡ ಅಂತಲ್ಲ, ಮೋರಿಯ ಹೊರೆ ಈ ಇಂಗಾಲದ ಲೆಕ್ಕದಲ್ಲಿ ಸೇರುವುದೇ ಇಲ್ಲ. ಆದರೆ ಒಂದೇ ಸಲ ಬಳಸುವ ದಪ್ಪ ಗಾಜಿನ ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ ಕಂಡಾಗ ನನಗೆ ನಗು ಬರುತ್ತದೆ. ದಶಕಗಳ ಕಾಲ ಬಾಳುವ ಸ್ಟೀಲ್ ಕೆಗ್ಗಿನಿಂದ (ಬಿಯರ್ ಪೀಪಾಯಿಯಿಂದ) ನೇರ ಲೋಟಕ್ಕೆ ಬಗ್ಗಿಸಿ ಕೊಡುವುದು, ವಾಪಸ್ ಬಂದ ಬಾಟಲಿ ತೊಳೆದು ತುಂಬುವುದು, ಇವು ಚಿತ್ರವಿಲ್ಲದೆಯೂ ಕೆಲಸ ಮಾಡುತ್ತವೆ. ಹತ್ತಿರದಲ್ಲೇ ಮಾರುವ ಸಣ್ಣವರಿಗೆ ದೊಡ್ಡವರಿಗಿಂತ ಸುಲಭವಾದ ಸಂಗತಿ ಇದೊಂದೇ ಇರಬೇಕು.

ಪತ್ರದ ಕೊನೆಗೆ, “ಇದನ್ನೆಲ್ಲ ಮಾಲೀಕರಿಗೆ ನಾನು ಹೇಳಿದರೆ ಕೇಳ್ತಾರಾ?” ಅಂದಿದ್ದೀರಿ. ಬಾಯಲ್ಲಿ ಹೇಳಬೇಡಿ. ಒಂದು ವಾರ ತೊಳೆಯುವ ಮುಂಚೆ, ತೊಳೆದ ಮೇಲೆ ಮೀಟರ್ ನೋಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಪಕ್ಕದಲ್ಲಿ ಆ ವಾರ ಎಷ್ಟು ಲೀಟರ್ ಬಿಯರ್ ಆಯಿತು ಎಂಬುದನ್ನೂ ಬರೆಯಿರಿ. ಅವರೇ ಬಂದು ಕೇಳುತ್ತಾರೆ.

ತಲೆಬರಹದ ತಿದ್ದುಪಡಿ ಮುಂದಿನ ಸಂಚಿಕೆಯ ಎರಡನೇ ಪುಟದಲ್ಲಿ ಬರುತ್ತದೆ. ಅಂದಹಾಗೆ, ನಾನು ಹೋಗಿದ್ದ ಬ್ರೂವರಿಯಿಂದ ಮೊನ್ನೆ ಫೋನ್ ಬಂದಿತ್ತು. ಮಡ್ಡಿ ಹಿಡಿಯಲು ದೊಡ್ಡ ಡ್ರಮ್ ತಂದಿದ್ದಾರಂತೆ. ವಾಸನೆ ಬರಬಾರದು ಅಂತ ಹುಡುಗ ಮುಚ್ಚಳ ಬಿಗಿಯಾಗಿ ತಿರುಗಿಸಿ ಮನೆಗೆ ಹೋಗಿದ್ದಾನೆ. ಬೆಳಿಗ್ಗೆ ಬಂದು ನೋಡಿದರೆ ಮುಚ್ಚಳ ಒಂದು ಕಡೆ, ಮಡ್ಡಿ ಗೋಡೆಯ ಮೇಲೆ. ನೀವು ಮುಚ್ಚಳ ಸಡಿಲ ಬಿಡಿ.

– ಸಂಪಾದಕ