ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನುವುದೇಕೆ? ಲವಂಗದೆಣ್ಣೆ ನಿಜಕ್ಕೂ ಕೆಲಸ ಮಾಡುತ್ತಾ?

ಎರಡು ತಿಂಗಳಿಂದ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿದೆ, ಸೆನ್ಸಿಟಿವಿಟಿ ಪೇಸ್ಟ್ ನಾಲ್ಕು ದಿನ ಹಾಕಿ ಉಜ್ಜಿದರೂ ಗುಣ ಕಾಣಲಿಲ್ಲ, ಅಜ್ಜಿ ಲವಂಗದೆಣ್ಣೆ ಹಚ್ಚು ಅನ್ನುತ್ತಾರೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ನಾನು ಹಲ್ಲಿನ ಡಾಕ್ಟರ್. ಅಜ್ಜಿಯ ಮಾತಿನಲ್ಲಿ ನಿಜ ಇದೆ. ಆದರೆ ಪೇಸ್ಟನ್ನು ನೀವು ತುಂಬಾ ಬೇಗ ಬಿಟ್ಟುಬಿಟ್ಟಿದ್ದೀರಿ.

ಹಲ್ಲಿನ ಮೇಲಿರುವ ಗಟ್ಟಿ ಪದರ ಎನಾಮೆಲ್. ಅದರಲ್ಲಿ ನರವೇ ಇಲ್ಲ. ಅದರ ಕೆಳಗೆ ಡೆಂಟಿನ್ ಇದೆ. ಡೆಂಟಿನ್ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಹತ್ತಾರು ಸಾವಿರ. ಒಳಗೆ ನೀರಿನಂಥ ದ್ರವ ಇರುತ್ತದೆ. ಎನಾಮೆಲ್ ಸವೆದರೆ, ಅಥವಾ ವಸಡು ಸರಿದು ಬೇರು ಕಾಣತೊಡಗಿದರೆ, ಆ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ತಣ್ಣೀರು ತಾಗಿದ ಕೂಡಲೇ ದ್ರವ ಹೊರಗಡೆಗೆ ಸರಿಯುತ್ತದೆ. ಒಳಗಿನ ನರವನ್ನು ಎಳೆದಂತಾಗಿ ಚುಳ್ ಅನ್ನುತ್ತದೆ. ಸ್ವೀಡನ್ನಿನ ಹಲ್ಲಿನ ಸಂಶೋಧಕ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಇದನ್ನು 1960ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದರು. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಜುಮ್ ಅನ್ನುವ ಹಲ್ಲು, ಜುಮ್ ಅನ್ನದ ಹಲ್ಲು ಎರಡನ್ನೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಜುಮ್ ಅನ್ನುವ ಹಲ್ಲಿನಲ್ಲಿ ತೆರೆದ ಕೊಳವೆಗಳು ಸುಮಾರು 8 ಪಟ್ಟು ಜಾಸ್ತಿ ಇದ್ದವು, ಅಗಲವೂ ಸುಮಾರು 2 ಪಟ್ಟು. ಕೊಳವೆ ಎರಡು ಪಟ್ಟು ಅಗಲವಾದರೆ ಅದರಲ್ಲಿ ದ್ರವ ಹರಿಯುವುದು 16 ಪಟ್ಟಾಗುತ್ತದೆ. ಅಷ್ಟು ಸಣ್ಣ ಸವೆತಕ್ಕೆ ಇಷ್ಟು ನೋವು ಏಕೆ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ.

ಇನ್ನು ಲವಂಗ. 2021ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ಕ್ಯಾಥರೀನಾ ಝಿಮ್ಮರ್‌ಮನ್, ಅಮೆರಿಕದ ಬಾಸ್ಟನ್‌ನ ಯೋಹೆನ್ ಲೆನರ್ಜ್ ಮತ್ತು ಜೊತೆಗಾರರು ಒಂದು ಸಂಶೋಧನೆ ಪ್ರಕಟಿಸಿದರು. ಡೆಂಟಿನ್ ಕಟ್ಟುವ ಜೀವಕೋಶಗಳೇ ತಂಪನ್ನು ಗುರುತು ಹಿಡಿಯುತ್ತವೆ, ಅದಕ್ಕೆ ಟಿಆರ್‌ಪಿಸಿ5 ಎಂಬ ಪ್ರೋಟೀನ್ ಬೇಕು ಎಂದು ಇಲಿಗಳಲ್ಲಿ ಕಂಡುಕೊಂಡರು. ಮನುಷ್ಯರಿಂದ ಕಿತ್ತ ಹಲ್ಲಿನಲ್ಲೂ ಅದು ಸಿಕ್ಕಿತು. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಎಂಬ ಅಂಶ ಆ ಪ್ರೋಟೀನನ್ನೇ ತಡೆಯುತ್ತದೆ! ಓದಿದ ದಿನ ನನಗೆ ಆದ ಖುಷಿ ಹೇಳತೀರದು. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಲವಂಗ ಹಲ್ಲಿನೊಳಗೆ ಏನು ಮಾಡುತ್ತದೆ ಎಂಬುದು ಇಷ್ಟು ಸ್ಪಷ್ಟವಾಗಿ ಗೊತ್ತಾಯಿತಲ್ಲ. ಆದರೆ ಯೂಜಿನಾಲ್ ಸ್ವಲ್ಪ ಹೊತ್ತು ನೋವು ತಗ್ಗಿಸುತ್ತದೆ ಅಷ್ಟೇ, ತೆರೆದ ಕೊಳವೆಯನ್ನು ಮುಚ್ಚುವುದಿಲ್ಲ. ಎಣ್ಣೆಯನ್ನು ಹಾಗೇ ಸುರಿದುಕೊಂಡರೆ ವಸಡು ಸುಡುತ್ತದೆ. ಹತ್ತಿಯಲ್ಲಿ ಒಂದು ತೊಟ್ಟು, ಅದೂ ಯಾವಾಗಲೋ ಒಮ್ಮೆ, ಸಾಕು.

ಪೇಸ್ಟ್ ವಿಷಯಕ್ಕೆ ಬರೋಣ. 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ನರವನ್ನು ಸಮಾಧಾನ ಮಾಡುತ್ತದೆ. ಸ್ಟ್ಯಾನಸ್ ಫ್ಲೋರೈಡ್ ಇರುವುದು ಕೊಳವೆಗಳ ಬಾಯಿ ಮುಚ್ಚುತ್ತದೆ. ಪೊಟ್ಯಾಸಿಯಂ ಪೇಸ್ಟಿಗೆ ದಿನಕ್ಕೆರಡು ಬಾರಿಯಂತೆ ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನದಲ್ಲಿ ಅದರ ಗುಣ ಗೊತ್ತಾಗುವುದಿಲ್ಲ. ಉಜ್ಜಿದ ಮೇಲೆ ನೊರೆ ಉಗುಳಿ. ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಔಷಧ ತೊಳೆದುಹೋಗುತ್ತದೆ.

ಇದಕ್ಕಿಂತ ಮುಖ್ಯ, ಕೊಳವೆ ತೆರೆದದ್ದು ಏಕೆ ಎಂಬುದು. ನಮ್ಮ ಅಪ್ಪ ಇದ್ದಿಲಪುಡಿಗೆ ಉಪ್ಪು ಸೇರಿಸಿ, ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜುತ್ತಿದ್ದರು. ಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಆದರೆ ವಸಡಿನ ಹತ್ತಿರ ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿತ್ತು. ಕೊನೆಗೆ ಮಜ್ಜಿಗೆಯನ್ನೂ ಉಗುರು ಬೆಚ್ಚಗೆ ಮಾಡಿಕೊಂಡು ಕುಡಿಯುತ್ತಿದ್ದರು. ಅದನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು. ದಯವಿಟ್ಟು ಮೆತ್ತನೆ ಬ್ರಷ್ ತಗೊಳ್ಳಿ, ಸುಮ್ನೆ ಒತ್ತಬೇಡಿ. ನಿಂಬೆ ಶರಬತ್ತು, ಸೋಡಾ ಕುಡಿದ ಕೂಡಲೇ ಉಜ್ಜಬೇಡಿ, ಅರ್ಧ ಗಂಟೆ ಬಿಡಿ. ಹುಳಿಗೆ ಎನಾಮೆಲ್ ಆಗ ಮೆತ್ತಗಾಗಿರುತ್ತದೆ.

ಒಂದೇ ಹಲ್ಲು ನೋಯುತ್ತಿದ್ದರೆ, ಬಿಸಿ ಕಾಫಿಗೆ ನೋವು ಶುರುವಾಗಿ ಲೋಟ ಕೆಳಗಿಟ್ಟ ಮೇಲೂ ನಿಲ್ಲದಿದ್ದರೆ, ರಾತ್ರಿ ನಿದ್ದೆ ಕೆಡುತ್ತಿದ್ದರೆ, ಅದು ಬರೀ ಜುಮ್ ಅಲ್ಲ. ಹುಳುಕು ನರದವರೆಗೆ ಹೋಗಿರಬಹುದು, ಹಲ್ಲು ಬಿರುಕು ಬಿಟ್ಟಿರಬಹುದು. ಆಗ ಪೇಸ್ಟಿಗಾಗಿ ನಾಲ್ಕು ವಾರ ಕಾಯಬೇಡಿ, ಈ ವಾರವೇ ತೋರಿಸಿ. ನಿಮಗೆ ನೋಯುವುದು ಒಂದೇ ಹಲ್ಲೋ, ಸಾಲಿಗೆ ಸಾಲೋ? ಅದನ್ನು ನೀವು ಬರೆದಿಲ್ಲ. ತಿಳಿಸಿ.